ತುಟಿ ಮುಚ್ಚುವ ಅಕ್ಷರ

"ನಾನು ಹೇಳಲ್ಲ. ಬೇಕಾದ್ರೆ ನಿಮ್ಮ ರಾಜಕುಮಾರಿ ಬಾಯಿಗೆ ಬೀಗ ಹಾಕ್ಕೊಳ್ಳಿ."

ಡಬ್ಬಿಂಗ್ ಸ್ಟುಡಿಯೋದ ಗಾಜಿನ ಆಚೆ, ಮೈಕಿನ ಮುಂದೆ ನಿಂತು ಹೆಂಡತಿ ಹೇಳಿದಳು.

"ಬರೆದಿರೋದನ್ನ ಓದೋಕೂ ಕಷ್ಟಾನಾ?"

"ಅವಳು ಮಾಡಿರೋ ತಪ್ಪೇನು ಹೇಳಿ, ಓದ್ತೀನಿ."

ಸಂಭಾಷಣೆಕಾರ ಕೈಲಿದ್ದ ಹಾಳೆ ತಿರುವಿದ. ಅವನು ಬರೆಯುವ ಧಾರಾವಾಹಿಯಲ್ಲಿ ಕುದುರೆಗಳು ಹಾರುತ್ತಿದ್ದವು, ಮರಗಳು ಶಾಪ ಕೊಡುತ್ತಿದ್ದವು. ಸೇನಾಪತಿ ಮಾತ್ರ ಕೊಟ್ಟ ಮಾತಿನಿಂದ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಸಿಂಹಾಸನ ಕಾಯುವವನು ಹೆಣ್ಣಿಗೆ ಒಲಿಯಬಾರದೆಂದು ಅವನ ಆಣೆ. ರಾಜಕುಮಾರಿಯೋ ಅವನನ್ನೇ ಪ್ರೀತಿಸಿ ಕೂತಿದ್ದಳು. ಈಗ ಅವನೆದುರು ಮಂಡಿಯೂರಿ "ನನ್ನನ್ನು ಕ್ಷಮಿಸಿ" ಎನ್ನಬೇಕಿತ್ತು. ಚಿತ್ರೀಕರಣದಲ್ಲಿ ನಟಿ ಅದನ್ನು ಅಂದೂ ಆಗಿತ್ತು. ಆದರೆ ನಟಿಯದು ಕೀರಲು ಗಂಟಲು. ರಾಜಕುಮಾರಿಗೆ ದನಿ ಕೊಡುತ್ತಿದ್ದವಳು ಇವನ ಹೆಂಡತಿ.

"ಪ್ರೀತಿಸಿದ್ದೇ ತಪ್ಪು. ಸೇನಾಪತಿಗೂ ಮಾನ ಅಂತ ಒಂದಿದೆ."

"ಇದೆ, ಇದೆ. ನಿನ್ನೆ ನೋಡಿದ್ನಲ್ಲ."

ನಿನ್ನೆ ನಿರ್ದೇಶಕನ ಮನೆಯಲ್ಲಿ, ತುಂಬಿದ ಪಂಕ್ತಿಯಲ್ಲಿ, ಅವನು ಒಂದು ಮಾತು ಎಸೆದಿದ್ದ: "ನಮ್ಮವಳಿಗೆ ಸ್ವಂತ ಮಾತು ಬರಲ್ಲ. ನಾನು ಬರೆದುಕೊಟ್ರೇನೇ ಬಾಯಿ ಬಿಡೋದು." ಎಲ್ಲರೂ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದ ಮೇಲೆ, "ತಪ್ಪಾಯ್ತು ಅನ್ನಿ, ಸಾಕು" ಎಂದಳು. ತಮಾಷೆಗೆ ಅಂದದ್ದು ಎಂದು ಇವನು ಮಗ್ಗುಲು ಬದಲಿಸಿದ. ಬೆಳಿಗ್ಗೆ ಕಾಫಿ ಬಂತು, ಮಾತು ಬರಲಿಲ್ಲ.

"ಬೇರೆ ಪದ ಹಾಕ್ತೀನಿ," ಎಂದಳು ಈಗ. "ನನ್ನನ್ನು ಗಮನಿಸಿ."

ಈ ಕಸುಬಿನಲ್ಲಿ ಒಂದೇ ಕಟ್ಟಳೆ: ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ದನಿಯಲ್ಲೂ ಪ, ಬ, ಮ ಇವುಗಳಲ್ಲೊಂದು ಬೀಳಬೇಕು. ಉಳಿದದ್ದನ್ನು ನೋಡುವವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಧ್ವನಿಮುದ್ರಕ ಕಿವಿಯಣ್ಣ ದೃಶ್ಯ ಓಡಿಸಿದ. ಅವಳು ಹೇಳಿದಳು.

"ಕಚ್ಕೊಂಡು ಕೂತಿದೆ ಸಾರ್," ಎಂದ ಕಿವಿಯಣ್ಣ.

ಕೂತಿತ್ತು. ತಾನು ಬರೆದದ್ದಕ್ಕಿಂತ ಚೆನ್ನಾಗಿಯೇ ಕೂತಿತ್ತು. ಸಂಭಾಷಣೆಕಾರನ ಮೈ ಉರಿದದ್ದು ಅದಕ್ಕೇ.

"ಗಮನಿಸಬೇಕಂತೆ. ರಾಜಕುಮಾರಿ ಏನು ರೈಲ್ವೆ ಸ್ಟೇಷನ್ನಲ್ಲಿ ನಿಂತಿದಾಳಾ? ಪ್ರಯಾಣಿಕರು ಅಂತಲೂ ಸೇರಿಸ್ಬಿಡು."

ಕಿವಿಯಣ್ಣ ಕಿಸಕ್ಕನೆ ನಕ್ಕು, ಗಾಜಿನ ಕಡೆ ನೋಡಿ, ನಗುವನ್ನು ಅರ್ಧಕ್ಕೇ ನುಂಗಿದ.

ಅವಳು ಸಿಟ್ಟಾಗಲಿಲ್ಲ. "ರೀ, ಆ ‘ಕ್ಷಮಿಸಿ’ ಅನ್ನೋ ಮಾತು ನೀವೇ ಒಂದ್ಸಲ ಹೇಳಿ. ಕೇಳಿಸ್ಕೊಂಡು ನಾನೂ ಹಾಗೇ ಹೇಳ್ತೀನಿ."

ಅವನಿಗೆ ಅರ್ಥವಾಯಿತು. ಎದುರಿಗಿದ್ದ ಗುಂಡಿ ಒತ್ತಿದರೆ ಇವನ ದನಿ ಅವಳ ಕಿವಿಗೆ ನೇರ ಬೀಳುತ್ತಿತ್ತು. ಒತ್ತಿದ. ಎಂತೆಂಥವರ ಬಾಯಲ್ಲೋ ಆ ಮಾತು ಆಡಿಸಿದ್ದ. ಕಳ್ಳರು, ಕುಬ್ಜರು, ಒಮ್ಮೆ ಒಂದು ಹುಣಸೆಮರ. ಕಿವಿಯಣ್ಣ ಮರ್ಯಾದೆಗೆಂದು ಗೋಡೆ ನೋಡುತ್ತಿದ್ದ. ಆದರೆ ಅವನಿಗೆ ಅನ್ನ ಹಾಕುವುದು ಕಣ್ಣಲ್ಲವಲ್ಲ. ನಾಳೆ ಇಡೀ ಸ್ಟುಡಿಯೋ ಇದನ್ನೇ ಚಪ್ಪರಿಸುತ್ತದೆ.

"ಮೈಕಿಗೆ ಸ್ವಲ್ಪ ಹತ್ತಿರ ಬಾ," ಎಂದ. "ಇನ್ನೊಂದ್ಸಲ ನೋಡೋಣ."

ಅವಳು ಹೆಡ್‌ಫೋನ್ ಕಳಚಿ ಮೊಳೆಗೆ ತೂಗುಹಾಕಿದಳು. ವೈರು ಗಂಟಾಗದಂತೆ ಸುತ್ತಿದಳು. ಚೀಲ ಹೆಗಲಿಗೇರಿಸಿ ಈಚೆ ಬಂದಳು.

"ನೀರು ಬೇಕಾ ಅಕ್ಕ?"

"ಬೇಡಪ್ಪ."

ಬಾಗಿಲಿಗೆ ಸದ್ದು ತಡೆಯುವ ದಪ್ಪ ಮೆತ್ತೆ. ಸಿಟ್ಟು ಬಂದವರು ಅದನ್ನು ದಡಾರನೆ ಹಾಕುವಂತೆಯೂ ಇಲ್ಲ. ಮುಚ್ಚಿದ್ದು ಗೊತ್ತೇ ಆಗಲಿಲ್ಲ.

"ಗಾಳಿಗೆ ಹೋಗಿದಾಳೆ. ಬರ್ತಾಳೆ."

"ಹೂಂ ಸಾರ್. ಅಲ್ಲೀವರೆಗೆ ದೃಶ್ಯ ಓಡ್ತಾ ಇರ್ಲಾ?"

"ಇರ್ಲಿ."

ಹಿಂದೆ ಹೋಗಬಹುದಿತ್ತು. ಮೆಟ್ಟಿಲ ಬುಡದಲ್ಲಿ ನಿರ್ದೇಶಕ ನಿಂತಿರುತ್ತಾನೆ. ಹೆಂಡತಿಯ ಹಿಂದೆ ಓಡುವ ಗಂಡಸಿಗೆ ಅವನು ಏನೆಂದು ಹೆಸರಿಡುತ್ತಾನೆಂಬುದು ಇವನಿಗೆ ಗೊತ್ತು. ಕನ್ನಡಕ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಕಿವಿಯಣ್ಣ ಊಟಕ್ಕೆ ಹೋಗಿ ಬಂದ. ಅವಳು ಬರಲಿಲ್ಲ.

ಪರದೆಯ ಮೇಲೆ ರಾಜಕುಮಾರಿ ಮಂಡಿಯೂರಿ ಬಾಯಿ ಆಡಿಸುತ್ತಿದ್ದಳು. ದನಿಯಿಲ್ಲ. ಮೊದಲೇ ಮುದ್ರಿಸಿಟ್ಟಿದ್ದ ಸೇನಾಪತಿಯ ಕಂಚಿನ ಕಂಠ ಖಾಲಿ ಕೋಣೆಗೆ ಗುಡುಗಿತು: "ಕ್ಷಮಿಸಿದ್ದೇನೆ. ಮೇಲೇಳು." ಅವಳು ಒಂದು ಮಂಡಿ ಎತ್ತುವಷ್ಟರಲ್ಲಿ ದೃಶ್ಯ ಮತ್ತೆ ಮೊದಲಿಗೆ ಹೋಯಿತು. ಮತ್ತೆ ಮಂಡಿಯೂರಿದಳು. ಮತ್ತೆ ಮೂಕವಾಗಿ ಬಾಯಿ ಆಡಿಸಿದಳು. ಸೇನಾಪತಿ ಮತ್ತೆ ಕ್ಷಮಿಸಿದ.