ಹೊಸ ಮಾಡಿನಡಿ

ನಮ್ಮ ಮೀನು ಮಾರ್ಕೆಟ್ಟಿನ ಮಾಡು ಸೋರುವುದು ಸರ್ಕಾರಕ್ಕೊಂದು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಮಳೆಗಾಲ ಬಂದರೆ ಮೀನಿಗೊಂದು ಕೊಡೆ, ನಮಗೊಂದು ಕೊಡೆ. ಹೀಗಿರುವಾಗ ಅಕ್ಕನ ಮಗಳು ನವ್ಯಾ ಒಂದು ಭಾನುವಾರ ಮೊಬೈಲಿನಲ್ಲಿ ಸರ್ಕಾರದ ಖರ್ಚು ತೋರಿಸುವ ವೆಬ್‌ಸೈಟ್ ತೆರೆದಳು.

"ಚಿಕ್ಕಿ, ನಿಮ್ ಮಾರ್ಕೆಟಿಗೆ ಹೊಸ ಶೀಟ್ ಹಾಕಿ ಎರಡ್ ವರ್ಷ ಆಯ್ತಂಬ್ರ್."

ಅದರಲ್ಲಿ ದುಡ್ಡು ಪಡೆದ ಗುತ್ತಿಗೆದಾರನ ಹೆಸರು ಕುಷ್ಟ. ನನ್ನ ಪಕ್ಕದಲ್ಲೇ ಕೂತು ಬಂಗುಡೆ ಮಾರುವ ಜಲಜಳ ತಮ್ಮ.

ನನಗೆ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ನವ್ಯಾ ದೂರಿನ ಅರ್ಜಿ ಬರೆದಳು, ನಾನು ಕಚೇರಿಗೆ ಕೊಟ್ಟುಬಂದೆ. ಜಲಜಳಿಗೆ ಮೊದಲೇ ಒಂದು ಮಾತು ಹೇಳಬೇಕಿತ್ತು ಎನ್ನುವವರಿದ್ದಾರೆ. ಹೇಳಿದ್ದರೆ ಅತ್ತುಬಿಡುತ್ತಿದ್ದಳು. ಅವಳು ಅತ್ತರೆ ನನಗೆ ತಡೆಯುವುದಿಲ್ಲ.

ತನಿಖೆಗೆ ಬಂದರು. ಕುಷ್ಟ ಹೆದರಿ, ಜಲಜಳ ಬಳೆ ಮಾರಿಸಿ, ತಿಂಗಳೊಳಗೆ ಮಾಡು ಹೊದೆಸಿದ.

ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ದಕ್ಕೆಯಲ್ಲಿ ದೋಣಿಯಿಂದ ಮೀನು ಕೊಂಡ ಮೇಲೆ ಒಬ್ಬಳಿಗೊಬ್ಬಳು ಎತ್ತಿಕೊಡಬೇಕು. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನಗೆ ಜಲಜ, ಜಲಜಳಿಗೆ ನಾನು. ಗಂಡ ಹೋದ ಮೇಲಂತೂ ದಿನಕ್ಕೊಮ್ಮೆ ನನ್ನ ಹತ್ತಿರ ಬಂದು ನಿಲ್ಲುವ ಜೀವ ಅವಳೊಬ್ಬಳೇ.

ಕೆಲಸ ಮುಗಿದು ಅಧಿಕಾರಿಗಳು ನೋಡಲು ಬರುವ ದಿನ ದಕ್ಕೆಯಲ್ಲಿ ಜಲಜಳ ಬುಟ್ಟಿಯನ್ನು ನಮ್ಮ ಜೊತೆ ಮೀನು ಮಾರುವ ರತ್ನ ಎತ್ತಿಕೊಟ್ಟಳು.

"ಹ್ವಾಯ್ ಜಲಜ, ಒಂಚೂರ್ ಕೈ ಹಾಕ್," ಎಂದೆ.

ಅವಳು ತಿರುಗಲಿಲ್ಲ. "ನಿನ್ ಮೊಬೈಲ್ ಇತ್ತಲ್ದಾ, ಅದ್ರ್ ಹತ್ರ ಹೇಳ್. ಎತ್ತಿ ಕೊಡತ್ತ್."

ಹೆಂಗಸರೆಲ್ಲ ನಕ್ಕರು. ಮಾತು ಬೇರೆ ಯಾರಿಗಾದರೂ ಆಗಿದ್ದರೆ ನಾನೂ ನಗುತ್ತಿದ್ದೆ, ಅಷ್ಟು ಚೆನ್ನಾಗಿತ್ತು. ನನಗೆ ಅಳು ಬಂತು. ಅವರು ಸಾಲಾಗಿ ಹೊರಟುಹೋದರು. ನಾನು ಬುಟ್ಟಿಯ ಪಕ್ಕ ಕೂತೆ.

ಮುಂದಿನ ವಾರ ನವ್ಯಾ ಖುಷಿಯಿಂದ ಬಂದು ಅದೇ ವೆಬ್‌ಸೈಟ್ ತೋರಿಸಿದಳು. ಅಧಿಕಾರಿಗಳು ಬಂದ ದಿನ ತೆಗೆದ ಹೊಸ ಮಾಡಿನ ಫೋಟೋ. ಕೆಳಗೆ ನಮ್ಮವರೆಲ್ಲ ಸಾಲಾಗಿ ಕೂತಿದ್ದಾರೆ, ಯಾರ ತಲೆಯೂ ಒದ್ದೆಯಿಲ್ಲ. ನನ್ನ ಜಾಗದಲ್ಲಿ ಜಲಜ ತನ್ನ ಕೊಡೆ ಇಟ್ಟಿದ್ದಳು.

"ಎಲ್ಲಾ ನಿನ್ನಿಂದ್ಲೇ ಆದ್ದ್ ಅಲ್ದಾ ಚಿಕ್ಕಿ. ಫೋಟೋ ತೆಗುವ ಹೊತ್ತಿಗೆ ನೀ ಎಲ್ಲಿದ್ದೆ?"

"ದಕ್ಕೆಯಗೆ."

"ಅಷ್ಟೊತ್ತಿನವರೆಗೆ ಎಂತ ಮಾಡ್ತಿದ್ದೆ?"

"ಬುಟ್ಟಿ ಎತ್ತಿ ಕೊಡುಕೆ ಯಾರಾರೂ ಬತ್ರಾ ಅಂದ್ಹೇಳಿ ಕಾಯ್ತಾ ಇದ್ದೆ," ಎಂದೆ.