ಕೆಂಪು ಬಿದ್ದ ಹೆರಿಗೆ ಕೇಂದ್ರ

ಮಸಾಬಾ ಬೆಟ್ಟದ ಮೇಲಿನ ಹೆರಿಗೆ ಕೇಂದ್ರಕ್ಕೆ ಬೀಗ ಜಡಿಸಿದವಳು ನಂಬೋಜೊ. ಆ ಸೀಮೆಯ ಆಸ್ಪತ್ರೆಗಳ ತಪಾಸಣೆ ಅವಳ ಕೆಲಸ. ರಕ್ತಸ್ರಾವವೋ ನಂಜೋ ತಪ್ಪು ಔಷಧಿಯೋ, ತಮ್ಮಲ್ಲಾದ ಅನಾಹುತಗಳ ಲೆಕ್ಕವನ್ನೆಲ್ಲ ಪ್ರತಿ ಕೇಂದ್ರದವರೂ ತಿಂಗಳು ತಿಂಗಳೂ ಫೋನಿನಲ್ಲಿ ಕಳಿಸಬೇಕು. ಹೆಚ್ಚು ಬಂದಲ್ಲಿ ಕಂಪ್ಯೂಟರಿನಲ್ಲಿ ಕೆಂಪು, ಏನೂ ಬರದಿದ್ದಲ್ಲಿ ಹಸಿರು. ಬೆಟ್ಟದ ನರ್ಸ್ ಖೈಂಜಾ ಒಂದನ್ನೂ ಬಿಡದೆ ಕಳಿಸುತ್ತಿದ್ದಳು, ಕೆಂಪು ಬಿತ್ತು. ನಂಬೋಜೊ ಹಿಂದುಮುಂದು ನೋಡಲಿಲ್ಲ. ಮೇಲಿನವರು ಭೇಷ್ ಅಂದರು, ಈಕೆ ಉಬ್ಬಿಹೋದಳು. ಅಂಕಿ ಕೈಗೆ ಸಿಕ್ಕಿತೆಂದರೆ ಕೆಲವರಿಗೆ ಕಣ್ಣೇ ಬೇಡವಾಗುತ್ತದೆ, ಏನು ಹೇಳೋಣ!

ಬೆಟ್ಟದ ಬಸುರಿಯರೆಲ್ಲ ಬಾಡಿಗೆ ಬೈಕು ಹತ್ತಿ ಕೆಳಗಿನ ಹಸಿರು ಕೇಂದ್ರಕ್ಕೆ ಇಳಿಯತೊಡಗಿದರು. ಅಲ್ಲಿಗೆ ಮೆಚ್ಚುಗೆಯ ಫಲಕ ಕೊಡಲು ನಂಬೋಜೊ ಹೋದ ದಿನವೇ ಅಂಗಳದಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಹೆತ್ತವಳೊಬ್ಬಳು ರಕ್ತ ಹೋಗಿ ಸತ್ತಿದ್ದಳು. ಬೆಟ್ಟದವಳಂತೆ, ನಗುಡಿ ಅಂತ ಹೆಸರು.

"ಇಲ್ಲೂ ಹಿಂಗೆಲ್ಲ ಆಗುತ್ತಾ? ಒಂದನ್ನಾದ್ರೂ ಯಾಕೆ ಕಳಿಸ್ಲಿಲ್ಲ ಡಾಕ್ಟ್ರೇ?"

ಆ ಕೇಂದ್ರದ ಡಾಕ್ಟರ್ ವಮೋನೊ ಹಲ್ಲು ಕಿರಿದ. "ಕಳಿಸ್ದೋಳ ಬಾಗಿಲಿಗೆ ನೀವೇ ಬೀಗ ಹಾಕಿಸಿದ್ರಲ್ಲ ಮೇಡಂ. ನಾವೇನು ಪೆದ್ದರಾ?"

ನಂಬೋಜೊಗೆ ಕಪಾಳಕ್ಕೆ ಬಿಗಿದಂತಾಯಿತು. ಆ ಹೆಂಗಸನ್ನು ಇಲ್ಲಿಗೆ ಅಟ್ಟಿದವಳು ತಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಫಲಕವನ್ನು ಜೀಪಿನಲ್ಲೇ ಬಿಟ್ಟು ಬೆಟ್ಟ ಹತ್ತಿದಳು.

ಖೈಂಜಾ ಮನೆಯಂಗಳದಲ್ಲಿ ಕಾಫಿ ಬೀಜ ಹರವುತ್ತಿದ್ದಳು. "ಬನ್ನಿ ಸಾಹೇಬ್ರೇ! ಈಗ ನನ್ನ ಕಾಫಿಗೂ ಬೀಗ ಹಾಕೋಕೆ ಬಂದ್ರಾ?"

"ತಪ್ಪಾಯ್ತು ಮಾಯಿ. ನಾಳೇನೇ ಬಾಗಿಲು ತೆಗೆಸ್ತೀನಿ. ಇನ್ಮೇಲೆ ಮುಚ್ಚಿಟ್ಟೋರನ್ನ ಹಿಡೀತೀವಿ, ಹೇಳಿದೋರನ್ನಲ್ಲ. ನೀವು ಮೊದಲಿನ ಹಾಗೇ ಎಲ್ಲಾ ಕಳಿಸಿ."

"ಇದ್ದಕ್ಕಿದ್ದಂಗೆ ಏನಾಯ್ತು? ಯಾರಾದ್ರೂ ಸತ್ರಾ?"

"ನಗುಡಿ ಅಂತ. ರಕ್ತ ನಿಲ್ಲಲಿಲ್ಲ."

ಖೈಂಜಾಳ ಕೈ ಅಲ್ಲಿಗೇ ನಿಂತಿತು.

"ಅವಳ ಮೊದಲ ಹೆರಿಗೆ ಮಾಡ್ಸಿದ್ದು ನಾನು. ಆಗಲೂ ಹಿಂಗೇ ರಕ್ತ ಹೋಯ್ತು. ಹೊಟ್ಟೆ ಒತ್ತಿ ಹಿಡ್ಕೊಂಡು, ಸೂಜಿ ಕೊಟ್ಟು, ಹೆಂಗೋ ನಿಲ್ಲಿಸ್ದೆ. ಅದನ್ನೂ ಕಳಿಸಿದ್ದೆ ಕಣಮ್ಮಾ. ನೀವು ಎಣಿಸಿ ಕೆಂಪು ಬಳಿದ್ರಲ್ಲ, ಅದ್ರಲ್ಲಿ ಅವಳೂ ಒಬ್ಬಳು."

ನಂಬೋಜೊ ಅಂಗಳದ ಮಣ್ಣಿನಲ್ಲೇ ಅವಳೆದುರು ಕುಳಿತಳು.

"ಬಾಗಿಲು ತೆಗೆಸಿ, ಹೆರಿಗೆ ಮಾಡಿಸ್ತೀನಿ," ಎಂದಳು ಖೈಂಜಾ ಅಂಗೈಯಿಂದಲೇ ಕಣ್ಣೊರೆಸಿಕೊಂಡು. "ಇನ್ನು ಲೆಕ್ಕ ಕಳಿಸ್ತೀನಾ ಅಂತ ಮಾತ್ರ ಕೇಳ್ಬೇಡಿ."