ಹತ್ತೋದಾ, ಇಳಿಯೋದಾ?

ಬೇಕರಿಯ ಒಲೆಯಕ್ಕನಿಗೆ ನಮಸ್ಕಾರ ಹೇಳಿ ಮರುನಮಸ್ಕಾರ ಪಡೆದವರು ನಮ್ಮೂರಿನಲ್ಲಿ ಯಾರೂ ಇಲ್ಲ. "ಹತ್ತೋದಾ, ಇಳಿಯೋದಾ?" ಎಂಬುದೇ ಆಕೆಯ ಕುಶಲಪ್ರಶ್ನೆ. ಕಾರಿನಲ್ಲಿ ಬಂದವರಿರಲಿ, ಬನ್ ಕೊಳ್ಳಲೆಂದು ಊರುಗೋಲು ಹಿಡಿದು ನಡೆದು ಬಂದ ಅಜ್ಜನಿಗೂ ಅದೇ ಪ್ರಶ್ನೆ.

ಬೆಟ್ಟದ ನಡುಭಾಗದಲ್ಲಿರುವ ಈ ಪುಟ್ಟ ಊರಿನಲ್ಲಿ ವಿದ್ಯುತ್ ಕಾರುಗಳನ್ನು ಚಾರ್ಜ್ ಮಾಡಲು ಇರುವ ಜಾಗಗಳೇ ಮೂರು. ಬಸ್ ನಿಲ್ದಾಣದ ಯಂತ್ರ ಗಾಳಿ ಜೋರಾದರೆ ಕಣ್ಣು ಮುಚ್ಚುತ್ತದೆ. ಶಿಖರದ ಹೋಟೆಲಿನದು ಅಲ್ಲಿ ತಂಗಿದವರಿಗೆ ಮೀಸಲು. ಉಳಿದದ್ದು ಒಲೆಯಕ್ಕನ ಬೇಕರಿ. ವಿದ್ಯುತ್ ಒಲೆಗೆಂದು ಎಳೆಸಿದ ದಪ್ಪ ತಂತಿಯಿಂದಲೇ ಆಕೆ ಹೊರಗೋಡೆಗೊಂದು ಚಾರ್ಜರ್ ಹಾಕಿಸಿದ್ದಾಳೆ. ತೊಡಕು ಒಂದೇ: ಒಲೆ ಕಾದಿರುವಾಗ ಕಾರಿಗಿಲ್ಲ, ಕಾರಿಗೆ ಕೊಟ್ಟರೆ ಒಲೆಗಿಲ್ಲ.

ಪೋಸ್ಟ್‌ಮ್ಯಾನ್ ಅಣ್ಣನಿಂದ ಕಿತ್ತುಕೊಂಡ ಖಾಕಿ ಕೋಟಿನ ಉದ್ದ ತೋಳುಗಳನ್ನು ಮೊಣಕೈವರೆಗೆ ಮಡಚಿ, ಎಡಗಾಲನ್ನು ತುಸು ಎಳೆಯುತ್ತಾ, ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಆಕೆ ಪ್ಲಗ್ ಕಿತ್ತರೆ ಮುಗಿಯಿತು, ಮೇಲ್ಮನವಿ ಇಲ್ಲ. ಒಮ್ಮೆ ನನ್ನ ಕಾರಿಗೂ ಗುಟುಕಿನಷ್ಟು ಚಾರ್ಜ್ ಕೊಟ್ಟು, "ಸಾಕು ಹೊರಡಿ ಮೇಷ್ಟ್ರೇ. ಇಳೀತಾ ಇಳೀತಾ ಬ್ರೇಕ್ ಹಿಡಿದಾಗಲೆಲ್ಲ ಗಾಡೀನೇ ಒಂದಿಷ್ಟು ಕರೆಂಟ್ ತುಂಬಿಸ್ಕೊಳ್ಳುತ್ತೆ" ಎಂದಿದ್ದಳು. ಮುಖ ಊದಿಸಿಕೊಂಡೇ ಹೊರಟೆ. ಕೆಳಗಿನ ಪೇಟೆ ಸುಖವಾಗಿ ತಲುಪುವಷ್ಟರಲ್ಲಿ ಊದಿದ ಮುಖವೂ ಇಳಿದಿತ್ತು.

ಇಂಥ ಗಟ್ಟಿಗಿತ್ತಿಗೂ ಒಂದು ಕೊರಗಿತ್ತು. ಹೋಟೆಲಿನವರು ಆಕೆಯ ಅಂಗಡಿಯ ಮುಂದೆಯೇ ಹಾದು, ಕೆಳಗಿನ ಪೇಟೆಯಿಂದ ಬ್ರೆಡ್ ತರಿಸುತ್ತಿದ್ದರು. ವರ್ಷಗಳ ಕಾಲ ಆಕೆ ಆ ಅವಮಾನವನ್ನು ನುಂಗಿದ ಮೇಲೆ, ಕೊನೆಗೊಮ್ಮೆ ಅವರು ಸೋತು, "ಒಂದು ಸಲ ಕಳಿಸಿ ನೋಡೋಣ" ಎಂದರು. ಮಧ್ಯಾಹ್ನದ ಬಸ್ಸಿಗೆ ಬ್ರೆಡ್ ಏರಬೇಕಿತ್ತು. ಆ ಬೆಳಿಗ್ಗೆ ಒಲೆಯಕ್ಕ ಯಾರೊಡನೆಯೂ ಜಗಳವಾಡಲಿಲ್ಲ. ಅದನ್ನು ನೋಡಿಯೇ ನಮಗೆಲ್ಲ ದಿಗಿಲಾಗಿತ್ತು.

ಬ್ರೆಡ್ಡುಗಳು ಗಾಜಿನ ಬಾಗಿಲಾಚೆ ಇನ್ನೇನು ಬಣ್ಣ ತಿರುಗಬೇಕು, ಅಷ್ಟರಲ್ಲಿ ಹೆರಿಗೆ ನರ್ಸಿನ ಕಾರು ಚಾರ್ಜ್ ಮುಗಿದು ತೆವಳುತ್ತಾ ಬಂದು ನಿಂತಿತು. ಮೇಲಿನ ಕುರಿಗಾಹಿಗಳ ಕೇರಿಯಲ್ಲಿ ಒಬ್ಬಾಕೆಗೆ ನೋವು ಶುರುವಾಗಿತ್ತು, ಮಗು ಅಡ್ಡ ತಿರುಗಿತ್ತು. ಹಿಂದಿನ ರಾತ್ರಿಯ ಗಾಳಿಗೆ ಬಸ್ ನಿಲ್ದಾಣದ ಯಂತ್ರ ಕೆಟ್ಟಿತ್ತು. ಬಸುರಿಯನ್ನು ಮಲಗಿಸಿ ಆಸ್ಪತ್ರೆಗೆ ತರಬಲ್ಲ ಗಾಡಿ ಊರಿಗೆಲ್ಲ ಅದೊಂದೇ.

"ಹತ್ತೋದಾ, ಇಳಿಯೋದಾ?"

"ಹತ್ತೋದು ಅಕ್ಕಾ."

ಒಲೆಯಕ್ಕ ಒಳಗೆ ಹೋಗಿ ಒಲೆ ಆರಿಸಿದಳು, ಹೊರಗೆ ಬಂದು ಪ್ಲಗ್ ಚುಚ್ಚಿದಳು. ಆಮೇಲೆ ಗಾಜಿಗೆ ಅಂಗೈ ಒತ್ತಿ, ತನ್ನ ಬ್ರೆಡ್ಡುಗಳು ಒಂದೊಂದಾಗಿ ನಡು ಕುಸಿಯುವುದನ್ನು ನೋಡುತ್ತಾ ನಿಂತಳು. ಸರತಿಯಲ್ಲಿ ನಿಂತಿದ್ದ ನಾವು ನಮ್ಮ ಚೀಲಗಳನ್ನು ಮಡಚಿಕೊಂಡೆವು. ಹೊರಡುವಾಗ ನರ್ಸ್ ಏನೋ ಹೇಳಲು ತಡವರಿಸಿದಳು.

"ನನ್ನ ಮುಖ ನೋಡ್ಬೇಡ, ರಸ್ತೆ ನೋಡು," ಎಂದಳು ಒಲೆಯಕ್ಕ.

ಬಸ್ಸು ಬರಿಗೈಯಲ್ಲಿ ಹೋಯಿತು. ಹೋಟೆಲಿನವರು ಮತ್ತೆ ಕೇಳಲಿಲ್ಲ. ಸಂಜೆ ನರ್ಸ್ ಆಸ್ಪತ್ರೆಯಿಂದ ಬಂದು, ತಾಯಿ ಮಗು ಇಬ್ಬರೂ ಕ್ಷೇಮವೆಂದಾಗ ಒಲೆಯಕ್ಕ ತಲೆಯಾಡಿಸಿ, ಕುಸಿದ ಬ್ರೆಡ್ಡೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು, "ಉಪ್ಪೇನೋ ಸರಿಯಾಗಿತ್ತು," ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಕಣ್ಣು ಆಗ ತುಂಬಿತು.

ಕೊಡುವ ಮುನ್ನ ನಮ್ಮ ಯೋಗ್ಯತೆಯನ್ನು ವಿಚಾರಿಸುವ ಸಜ್ಜನರು ಲೋಕದಲ್ಲಿ ಸಾಕಷ್ಟಿದ್ದಾರೆ, ಅವರ ಮಾತೂ ಮೃದುವಾಗಿರುತ್ತದೆ. ಎಲ್ಲಿಗೆ ಹೊರಟೆ ಎಂದಷ್ಟೇ ಗದರಿ ಕೇಳಿ, ಉರಿಯುತ್ತಿರುವ ತಮ್ಮ ಒಲೆಯನ್ನೇ ಆರಿಸಿ ಕೊಡುವವರು ಬೆಟ್ಟಕ್ಕೊಬ್ಬರು ಸಿಕ್ಕಾರು. ನಾವೆಲ್ಲ ಹತ್ತಿದ್ದು ಅಂಥವರ ಬೆಂಕಿಯಿಂದ.